ಮೆರಾಪಿ ಪರ್ವತವೂ ಪ್ರಳಯಶಬ್ದವೂ

ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ, ಸೀತಾನ್ವೇಷಣಕ್ಕಾಗಿ ಪೂರ್ವದಿಕ್ಕಿಗೆ ಹೊರಟ ವಾನರರಿಗೆ ಸುಗ್ರೀವನು ಹೇಳುವ ಸ್ಥಳಗಳಲ್ಲಿ ಯವದ್ವೀಪವೂ ಒಂದೆಂಬುದು ವಾಚಕರಿಗೆ ವಿದಿತವೇ ಇದೆ. ಅದೇ ಈಗಿನ ಜಾವಾ ದ್ವೀಪವೆಂದು ಅನೇಕ ವಿದ್ವಾಂಸರು ಎಣಿಸಿರುತ್ತಾರೆ. ಇಂಡೋನೇಷ್ಯಾ ದೇಶಕ್ಕೆ ಸೇರಿದ ಈ ದ್ವೀಪದ ನಡುಭಾಗದಲ್ಲಿ, ಯೋಗ್ಯಕರ್ತ ನಗರದಿಂದ ಉತ್ತರಕ್ಕೆ ಸುಮಾರು ೩೦ ಕಿಲೋಮೀಟರು ದೂರದಲ್ಲಿ, ಮೆರಾಪಿ ಎಂಬ ಅಗ್ನಿಪರ್ವತವಿದೆ. ಅದರ ಎತ್ತರ ಸುಮಾರು ೨,೯೦೦ ಮೀಟರು. ಹೆಸರಿನ ಕೊನೆಯಲ್ಲಿರುವ ‘ಅಪಿ’ಯನ್ನು ಕಂಡು ಪಾಠಶಾಲೆಯ ವಿದ್ಯಾರ್ಥಿಗಳು ಸಂಸ್ಕೃತದ ಅವ್ಯಯವೆಂದು ಭ್ರಮಿಸಬಾರದು. ಮಲಯ ಭಾಷೆಯಲ್ಲಿ ಅದಕ್ಕೆ ಬೆಂಕಿಯೆಂದೇ ಅರ್ಥ. ನಮ್ಮ ಅಗ್ನಿಶಬ್ದವು ಜಾವಾ ಭಾಷೆಯಲ್ಲಿ ‘ಗೆನಿ’ ಎಂಬ ರೂಪದಿಂದ ಬೇರೆಯಾಗಿ ಉಳಿದಿರುತ್ತದೆ.

ಶಾಸನದಲ್ಲಿನ ಒಂದೇ ಒಂದು ಶಬ್ದವನ್ನು ಹೇಗೆ ಗ್ರಹಿಸುವೆವೋ ಅದರಂತೆ ಒಂದು ರಾಜ್ಯದ ಇತಿಹಾಸವೇ ಬೇರೆಯಾಗುವುದುಂಟು. ಅದಕ್ಕೆ ಈ ಪರ್ವತದ ಕಥೆಗಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಅದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೆರಾಪಿಯ ಬುಡದ ಬಯಲು ಪೂರ್ವಕಾಲದಲ್ಲಿ ಮತರಾಂ ರಾಜ್ಯದ ಹೃದಯವಾಗಿದ್ದಿತು. ಶಕ ೬೫೪, ಅಂದರೆ ಕ್ರಿ. ಶ. ೭೩೨ರಲ್ಲಿ ಸಂಜಯನೆಂಬ ಅರಸನು ಬೆಟ್ಟವೊಂದರ ಮೇಲೆ ಶಿವಲಿಂಗವನ್ನು ಸ್ಥಾಪಿಸಿ, ಚಂಗಲ್ ಶಾಸನವನ್ನು ಸಂಸ್ಕೃತದಲ್ಲಿ ಬರೆಯಿಸಿದನು. ೭೭೮ರ ಕಲಸನ್ ಶಾಸನವು ತಾರಾದೇವಿಯ ಆಲಯದ ವಿಷಯವನ್ನು ಹೇಳುತ್ತದೆ. ಬೊರೊಬುದುರಿನ ಮಹಾಸ್ತೂಪವೂ, ಪ್ರಂಬಾನನ್ನಿನ ಶಿವಾಲಯವೂ ಇದೇ ಪರ್ವತದ ನೆರಳಿನಲ್ಲಿ ಎದ್ದವು. ಇಷ್ಟು ವೈಭವದಿಂದಿದ್ದ ಸೀಮೆಯನ್ನು ಹತ್ತನೆಯ ಶತಮಾನದಲ್ಲಿ ಅರಸರು ಬಿಟ್ಟುಹೋದರು. ೯೨೯ರಿಂದ ಮುಂದೆ ಸಿಂದೋಕನೆಂಬ ರಾಜನ ಶಾಸನಗಳು ಪೂರ್ವ ಜಾವಾದಲ್ಲಿ ದೊರೆಯುತ್ತವೆ. ನಡುನಾಡಿನಲ್ಲಿ ದೊಡ್ಡ ದೇವಾಲಯಗಳನ್ನು ಕಟ್ಟುವ ಕೆಲಸವು ನಿಂತೇಹೋಯಿತು. ಕಾರಣವೇನು? ಶತ್ರುಭಯವೆಂದು ಕೆಲವರೂ, ದೇವಾಲಯನಿರ್ಮಾಣದ ಭಾರದಿಂದ ಪ್ರಜೆಗಳು ಬಳಲಿದರೆಂದು ಕೆಲವರೂ, ಪೂರ್ವದ ಬ್ರಂತಾಸ್ ನದಿಯ ಕಣಿವೆಯಲ್ಲಿ ವ್ಯಾಪಾರಕ್ಕೆ ಹೆಚ್ಚಿನ ಅನುಕೂಲವಿದ್ದಿತೆಂದು ಕೆಲವರೂ ಹೇಳಿರುತ್ತಾರೆ.

೧೯೪೯ರಲ್ಲಿ ಡಚ್ ಭೂವಿಜ್ಞಾನಿಯಾದ ವಾನ್ ಬೆಮ್ಮೆಲೆನ್ ಎಂಬಾತನು ತನ್ನ ಮಹಾಗ್ರಂಥದಲ್ಲಿ ಬೇರೊಂದು ಉತ್ತರವನ್ನು ಮುಂದಿಟ್ಟನು. ಕ್ರಿ. ಶ. ೧೦೦೬ರಲ್ಲಿ ಮೆರಾಪಿಯ ಶಿಖರಭಾಗವು ಭಯಂಕರವಾಗಿ ಕುಸಿದು ಸ್ಫೋಟಿಸಿತು, ಬೂದಿಯು ದೇಶವನ್ನು ಮುಚ್ಚಿತು, ಮತರಾಂ ರಾಜ್ಯವು ನಾಶವಾಯಿತು ಎಂಬುದು ಅವನ ಸಿದ್ಧಾಂತ. ಈ ವರ್ಷವು ಅವನಿಗೆ ದೊರೆತುದು ಬಂಡೆಗಳಿಂದಲ್ಲ, ಪುಚಂಗನ್ ಶಾಸನದಿಂದ.

ಈ ಶಾಸನವು ಏರ್ಲಂಗನೆಂಬ ಅರಸನದು. ಅದರ ಕಾಲ ಶಕ ೯೬೩, ಕ್ರಿ. ಶ. ೧೦೪೧. ಕಲ್ಲಿನ ಒಂದು ಮುಖದಲ್ಲಿ ಸಂಸ್ಕೃತ ಶ್ಲೋಕಗಳೂ, ಇನ್ನೊಂದು ಮುಖದಲ್ಲಿ ಪ್ರಾಚೀನ ಜಾವಾ ಭಾಷೆಯ ಗದ್ಯವೂ ಇವೆ. ಇಂಗ್ಲಿಷರು ಕೆಲವು ಕಾಲ ಜಾವಾವನ್ನು ಆಳಿದಾಗ, ರಾಫಲ್ಸನ ಅಧಿಕಾರಾವಧಿಯಲ್ಲಿ, ಇದು ಹಡಗನ್ನೇರಿ ಕಲ್ಕತ್ತೆಗೆ ಬಂದಿತು. ಆದುದರಿಂದಲೇ ಇದಕ್ಕೆ ‘ಕಲ್ಕತ್ತೆಯ ಕಲ್ಲು’ ಎಂಬ ಹೆಸರೂ ಉಂಟು. ಆ ದಿನಗಳಲ್ಲಿ ಜಾವಾದ ಪ್ರಾಚೀನವಸ್ತುಗಳನ್ನು ಹುಡುಕಿಸುತ್ತಿದ್ದವರಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯೂ ಒಬ್ಬನು. ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಸೀಮೆಯನ್ನು ಅಳೆಯಿಸಿ, ನಮ್ಮ ಊರೂರುಗಳ ಶಾಸನಗಳನ್ನೂ ಕೈಫಿಯತ್ತುಗಳನ್ನೂ ಬರೆಯಿಸಿಕೊಂಡ ಮೆಕೆಂಜಿಯೇ ಈತನು.

ಶಾಸನದ ಗದ್ಯಭಾಗದಲ್ಲಿ, ಏರ್ಲಂಗನು ಹದಿನಾರು ವರ್ಷದ ಹುಡುಗನಾಗಿದ್ದಾಗ ಯವದ್ವೀಪಕ್ಕೆ ಪ್ರಳಯವು ಬಂದಿತೆಂದೂ, ದ್ವೀಪವೆಲ್ಲವೂ ಏಕಾರ್ಣವದಂತೆ ಕಂಡಿತೆಂದೂ, ರಾಜನು ಮಡಿದನೆಂದೂ, ಏರ್ಲಂಗನು ನರೋತ್ತಮನೆಂಬ ಸೇವಕನೊಡನೆ ಕಾಡನ್ನು ಸೇರಿದನೆಂದೂ ಹೇಳಿದೆ. ಅದರ ವರ್ಷವನ್ನು ಮೊದಲು ಶಕ ೯೨೮ ಎಂದು ಓದಿದರು, ಅದೇ ೧೦೦೬. ಅನಂತರದ ವಿದ್ವಾಂಸರು ಹತ್ತು ವರ್ಷ ಮುಂದಕ್ಕೆ, ೧೦೧೬ರ ಸುಮಾರಿಗೆ ಎಂದು ಓದುತ್ತಾರೆ. ವರ್ಷ ಹೇಗೇ ಇರಲಿ, ಪ್ರಳಯವೆಂಬ ಪದವನ್ನು ಭೂವಿಜ್ಞಾನಿಯು ವಾಚ್ಯಾರ್ಥದಿಂದಲೇ ಸ್ವೀಕರಿಸಿದನು.

ಪುರಾಣವನ್ನು ಸ್ವಲ್ಪವಾದರೂ ಓದಿದವನಿಗೆ ಇಲ್ಲಿ ಸಂಶಯ ಹುಟ್ಟದಿರದು. ಪ್ರಳಯಕಾಲದಲ್ಲಿ ಜಗತ್ತು ಏಕಾರ್ಣವವಾಗುವುದೆಂಬುದು ಪೌರಾಣಿಕರ ಸಿದ್ಧೋಕ್ತಿ. ಸರ್ವನಾಶವನ್ನು ವರ್ಣಿಸಹೊರಟ ಆಸ್ಥಾನಲೇಖಕನು ಅದನ್ನು ಉಪಮಾನವಾಗಿ ತಂದನು. ಮೆರಾಪಿಯು ಬೂದಿಯನ್ನೂ ಬೆಂಕಿಯನ್ನೂ ಉಗುಳುವುದಲ್ಲದೆ ಸಮುದ್ರವನ್ನು ಉಕ್ಕಿಸುವುದಿಲ್ಲ. ಬರೆದವನ ಮನಸ್ಸಿನಲ್ಲಿ ಅಗ್ನಿಪರ್ವತವಿದ್ದಿದ್ದರೆ ಪುರಾಣದಲ್ಲಿಯೇ ಉಕ್ತವಾದ ಸಂವರ್ತಕಾಗ್ನಿಯನ್ನು ಬಿಟ್ಟು ಏಕಾರ್ಣವವನ್ನೇಕೆ ಹಿಡಿಯುತ್ತಿದ್ದನು? ಅಷ್ಟೇ ಅಲ್ಲದೆ, ಆ ಪ್ರಳಯದ ಕಾರಣವನ್ನೂ ಶಾಸನವೇ ಹೇಳಿದೆ: ವುರವರಿಯೆಂಬ ಸಾಮಂತನು ದಂಡೆತ್ತಿ ಬಂದುದು. ಪರ್ವತದ ಹೆಸರು ಅಲ್ಲಿ ಎಲ್ಲಿಯೂ ಇಲ್ಲ. ಇನ್ನೊಂದು ಆಕ್ಷೇಪವು ಇದಕ್ಕಿಂತಲೂ ಬಲವತ್ತರವಾದುದು. ರಾಜಧಾನಿಯು ಪೂರ್ವಕ್ಕೆ ಹೋದುದು ೯೨೯ರ ವೇಳೆಗೆ. ಮುಕ್ಕಾಲು ಶತಮಾನದ ಮೇಲೆ ಸಂಭವಿಸಿದುದು ಅದಕ್ಕೆ ಕಾರಣವಾಗುವ ಬಗೆ ಹೇಗೆ? ಕಾರ್ಯಕ್ಕೆ ಕಾರಣವು ನಿಯತಪೂರ್ವವರ್ತಿಯಾಗಿರಬೇಕೆಂಬುದನ್ನು ತರ್ಕಸಂಗ್ರಹ ಓದುವ ಬಾಲಕನೂ ಬಲ್ಲನು. ಇತ್ತೀಚಿನ ಭೂವಿಜ್ಞಾನಿಗಳೂ ಪರ್ವತದ ಬೂದಿಯ ಪದರಗಳನ್ನು ಪರೀಕ್ಷಿಸಿ, ೧೦೦೬ರಲ್ಲಿ ಅಂಥ ಏಕೈಕ ಮಹಾಸ್ಫೋಟವಾದುದಕ್ಕೆ ಆಧಾರ ಕಾಣಲಿಲ್ಲ.

ಹಾಗಾದರೆ ಮೆರಾಪಿಯು ನಿರಪರಾಧಿಯೇ? ಹಾಗೆಂದು ತೀರ್ಮಾನಿಸಿದರೆ ಎರಡನೆಯ ತಪ್ಪಾದೀತು. ೧೯೬೬ರಲ್ಲಿ ಯೋಗ್ಯಕರ್ತದ ಬಳಿಯ ಹೊಲವೊಂದರಲ್ಲಿ ರೈತನ ಗುದ್ದಲಿಗೆ ಕೆತ್ತನೆಯ ಕಲ್ಲೊಂದು ತಗುಲಿತು. ಅಗೆಯಲಾಗಿ ಸಂಬಿಸರಿ ಎಂಬ ಶಿವಾಲಯವು ಸುಮಾರು ಆರೂವರೆ ಮೀಟರು ಆಳದಲ್ಲಿ ಗೋಚರಿಸಿತು. ಈಗಲೂ ಯಾತ್ರಿಕರು ಹೊಂಡದೊಳಕ್ಕೆ ಮೆಟ್ಟಲಿಳಿದು ಅದನ್ನು ನೋಡುತ್ತಾರೆ. ೧೯೯೩ರಲ್ಲಿ ಕೆದುಲನ್ ಎಂಬ ಇನ್ನೊಂದು ಆಲಯವೂ ಹೀಗೆಯೇ ಸಿಕ್ಕಿತು. ಇವುಗಳನ್ನು ಮುಚ್ಚಿದ ಮಣ್ಣು ಒಂದೇ ದಿನದಲ್ಲಿ ಬಿದ್ದುದಲ್ಲ. ಪದರದ ಮೇಲೆ ಪದರವಾಗಿ ಬೇರೆ ಬೇರೆ ಕಾಲಗಳಲ್ಲಿ ಬಂದುದು. ಪರ್ವತವು ರಾಜ್ಯವನ್ನು ಒಂದೇ ಪೆಟ್ಟಿನಿಂದ ಕೊಲ್ಲಲಿಲ್ಲ. ಹೊಲ, ಕಾಲುವೆ, ಗುಡಿಗಳನ್ನು ತಲೆಮಾರುತಲೆಮಾರಾಗಿ ಹೂಳುತ್ತ ಬಂದಿತು. ಅರಸರು ಪೂರ್ವಕ್ಕೆ ಹೋದುದಕ್ಕೆ ಇದೂ ಒಂದು ಕಾರಣವಾಗಿರಬಹುದೆಂದು ಹೇಳುವುದು ಅಸಂಗತವಲ್ಲ.

ಇದು ಪರ್ವತದ ಸ್ವಭಾವಕ್ಕೂ ಒಪ್ಪುತ್ತದೆ. ಮೆರಾಪಿಯ ಶಿಲಾರಸವು ನೀರಿನಂತೆ ಹರಿಯತಕ್ಕದ್ದಲ್ಲ, ಬಹು ಮಂದವಾದುದು. ಆದುದರಿಂದ ಅದು ಶಿಖರದಲ್ಲಿಯೇ ಗುಮ್ಮಟದಂತೆ ಬೆಳೆಯುತ್ತದೆ. ಭಾರ ಮಿತಿಮೀರಿದಾಗ ಗುಮ್ಮಟದ ಅಂಚು ಕುಸಿದು, ನೂರಾರು ಡಿಗ್ರಿ ಉಷ್ಣವುಳ್ಳ ಬೂದಿ, ಅನಿಲ, ಬಂಡೆಗಳು ಒಂದಾಗಿ, ಕುದುರೆಯೂ ಓಡಲಾರದ ವೇಗದಿಂದ ಇಳಿಜಾರಿನಲ್ಲಿ ಧಾವಿಸುತ್ತವೆ. ದೂರದಿಂದ ನೋಡುವವರಿಗೆ ಇದು ಉಣ್ಣೆ ತುಂಬಿದ ಕುರಿಗಳ ಹಿಂಡು ಉರುಳಿಬರುವಂತೆ ತೋರುವುದರಿಂದ, ಜಾವಾದ ಜನರು ‘ವೆಧುಸ್ ಗೆಂಬೆಲ್’, ಅಂದರೆ ಜಡೆಗೂದಲಿನ ಕುರಿಯೆಂದು ಕರೆಯುತ್ತಾರೆ. ಇದು ಮೊದಲನೆಯ ಅಪಾಯ. ಎರಡನೆಯದು ಮಳೆಗಾಲದ್ದು: ಮೇಲೆ ಬಿದ್ದ ಬೂದಿಯು ಮಳೆಯ ನೀರಿನೊಡನೆ ಕೆಸರಾಗಿ, ಬಂಡೆಗಳನ್ನು ಹೊತ್ತು ನದಿಗಳಲ್ಲಿ ನುಗ್ಗುತ್ತದೆ. ಇದಕ್ಕೆ ಲಹಾರ್ ಎಂದು ಹೆಸರು. ಜಾವಾ ಭಾಷೆಯ ಈ ಪದವು ಈಗ ಜಗತ್ತಿನ ಭೂವಿಜ್ಞಾನದ ಪರಿಭಾಷೆಯಾಗಿದೆ. ಸಂಬಿಸರಿಯಂಥ ಗುಡಿಗಳನ್ನು ಹೂಳಿದುದರಲ್ಲಿ ಇಂಥ ಕೆಸರಿನ ಪಾಲು ದೊಡ್ಡದು.

೧೯೩೦ರ ಡಿಸೆಂಬರಿನಲ್ಲಿ ಪಶ್ಚಿಮದ ಇಳಿಜಾರಿನ ಹಳ್ಳಿಗಳಲ್ಲಿ ೧,೩೬೯ ಜನರು ಮಡಿದರು. ೨೦೦೬ರಲ್ಲಿ ಕಲಿಯಾದೆಂ ಎಂಬಲ್ಲಿ, ರಕ್ಷಣೆಗೆಂದೇ ಕಟ್ಟಿದ್ದ ನೆಲಮನೆಯೊಳಗೆ ಆಶ್ರಯ ಪಡೆದ ಇಬ್ಬರು ಸ್ವಯಂಸೇವಕರು, ಉರಿಬೂದಿಯು ಅದರ ಮೇಲೆಯೇ ಬಂದು ಬಿದ್ದುದರಿಂದ ಬದುಕಲಿಲ್ಲ. ಅದೇ ವರ್ಷ, ದಕ್ಷಿಣದ ಹಳ್ಳಿಗಳಿಗೆ ಶಿಖರದ ಬಳಿ ಗೋಡೆಯಂತೆ ಅಡ್ಡವಾಗಿದ್ದ, ‘ಮೊಸಳೆಯ ಬೆನ್ನು’ ಎಂಬರ್ಥದ ಹೆಸರುಳ್ಳ ಬಂಡೆಯ ದಿಣ್ಣೆಯೂ ಕುಸಿದುಹೋಯಿತು.

ದಕ್ಷಿಣದ ಕಿನಹ್ರೆಜೊ ಗ್ರಾಮದಲ್ಲಿ ಮರಿಜಾನ್ ಎಂಬ ವೃದ್ಧನಿದ್ದನು. ಜನರು ಗೌರವದಿಂದ ‘ಂಬಾಹ್’, ಅಂದರೆ ಅಜ್ಜ, ಎಂದು ಸೇರಿಸಿ ಕರೆಯುತ್ತಿದ್ದರು. ಯೋಗ್ಯಕರ್ತದ ಸುಲ್ತಾನನು ಆತನನ್ನು ಪರ್ವತದ ‘ಜುರು ಕುಂಚಿ’ಯನ್ನಾಗಿ, ಎಂದರೆ ಬೀಗದಕೈಯ ಅಧಿಕಾರಿಯನ್ನಾಗಿ ನೇಮಿಸಿದ್ದನು. ವರ್ಷಕ್ಕೊಮ್ಮೆ ಅರಮನೆಯ ಕಾಣಿಕೆಯನ್ನು ಪರ್ವತಕ್ಕೆ ಒಪ್ಪಿಸುವುದು ಆತನ ಕರ್ತವ್ಯ. ೨೦೦೬ರಲ್ಲಿ ಸರಕಾರವು ಊರು ಬಿಡಲು ಹೇಳಿದಾಗ ಆತನು ಬಿಡಲಿಲ್ಲ. ಉರಿಮೋಡವು ಆತನ ಮನೆಯನ್ನು ಮುಟ್ಟಲೂ ಇಲ್ಲ. ೨೦೧೦ರ ಅಕ್ಟೋಬರ್ ೨೫ರಂದು ಪುನಃ ಅತ್ಯುನ್ನತ ಎಚ್ಚರಿಕೆಯನ್ನು ಕೊಟ್ಟರು. ಆಗಲೂ ಆತನು ತನ್ನ ಸ್ಥಾನವನ್ನು ಬಿಡಲೊಪ್ಪಲಿಲ್ಲ. ಮರುದಿನ ಸಂಜೆ ಕಿನಹ್ರೆಜೊ ಸುಟ್ಟುಹೋಯಿತು. ಆತನೂ ಇತರ ಮೂವತ್ತಕ್ಕೂ ಹೆಚ್ಚು ಜನರೂ ಮಡಿದರು.

ಈತನನ್ನು ಮೂಢನೆಂದು ಜರೆಯುವುದು ಸುಲಭ. ಒಪ್ಪಿಕೊಂಡ ಕಾರ್ಯವನ್ನು ಪ್ರಾಣ ಹೋದರೂ ಬಿಡದವನನ್ನು ನಮ್ಮ ನಾಡೂ ಪೂಜಿಸಿದೆ. ಆದರೆ ಕರ್ತವ್ಯನಿಷ್ಠೆ ಬೇರೆ, ಅನುಮಾನಪ್ರಮಾಣ ಬೇರೆ. ಒಂದು ಸಲ ಬೆಂಕಿ ಮುಟ್ಟಲಿಲ್ಲವೆಂಬುದರಿಂದ ಮುಂದೆಯೂ ಮುಟ್ಟದೆಂಬ ವ್ಯಾಪ್ತಿಯು ಸಿದ್ಧಿಸಲಾರದು. ತನ್ನ ಮರಣವನ್ನು ಆರಿಸಿಕೊಳ್ಳುವ ಹಕ್ಕು ಆತನಿಗಿದ್ದಿತೆಂದೇ ಇಟ್ಟುಕೊಂಡರೂ, ಆತನನ್ನು ನೋಡಿ ಧೈರ್ಯ ತಾಳಿದವರ ಹಾಗೂ ಆತನನ್ನು ಕರೆದೊಯ್ಯಲು ಹೋದವರ ಗತಿಯನ್ನು ನೆನೆದಾಗ ಮನಸ್ಸು ಭಾರವಾಗುತ್ತದೆ.

ಪರ್ವತದ ಕೋಪವು ಅಷ್ಟಕ್ಕೆ ತಣಿಯಲಿಲ್ಲ. ನಿಷಿದ್ಧವಲಯವನ್ನು ೧೦ ಕಿಲೋಮೀಟರಿನಿಂದ ೧೫ಕ್ಕೆ, ನವೆಂಬರ್ ೫ರ ನಡುರಾತ್ರಿಯ ವೇಳೆಗೆ ೨೦ಕ್ಕೆ ವಿಸ್ತರಿಸಿದರು. ಆ ರಾತ್ರಿಯೇ ಉರಿಮೋಡವು ಗೆಂದೊಲ್ ನದಿಯ ಪಾತ್ರವನ್ನು ಹಿಡಿದು ಸುಮಾರು ೧೫ ಕಿಲೋಮೀಟರು ಇಳಿಯಿತು. ಒಟ್ಟು ೩೫೦ಕ್ಕೂ ಹೆಚ್ಚು ಜನರು ಸತ್ತರು. ಆದರೂ ಮೂರು ಲಕ್ಷಕ್ಕೂ ಮಿಕ್ಕ ಜನರನ್ನು ಮುಂಚೆಯೇ ಸ್ಥಳಾಂತರಿಸಿದ್ದರಿಂದ ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಪ್ರಾಣಗಳು ಉಳಿದವೆಂದು ವಿಜ್ಞಾನಿಗಳು ಅಂದಾಜು ಮಾಡಿರುತ್ತಾರೆ. ಮರುವರ್ಷದ ಜನವರಿಯಲ್ಲಿ ಪುತಿಹ್ ನದಿಯ ಕೆಸರು ಮಗೆಲಾಂಗ್ ನಗರಕ್ಕೆ ಹೋಗುವ ಹೆದ್ದಾರಿಯನ್ನೇ ಮುಚ್ಚಿತು.

ಇಷ್ಟಾದರೂ ಜನರು ಅಲ್ಲಿಗೇ ಮರಳುವರೇಕೆ? ಹೂಳುವ ಬೂದಿಯೇ ಕಾಲಕ್ರಮದಲ್ಲಿ ಫಲವತ್ತಾದ ಮಣ್ಣಾಗುತ್ತದೆ. ಗದ್ದೆಗೆ ನೀರು ಆ ಪರ್ವತದಿಂದಲೇ ಇಳಿಯುತ್ತದೆ. ಕೆಸರು ತಂದ ಮರಳು ಕೂಲಿಕಾರರಿಗೆ ಅನ್ನವಾಗುತ್ತದೆ. ೨೦೧೦ರಲ್ಲಿ ಅನೇಕರು ನಿಷಿದ್ಧವಲಯಕ್ಕೆ ಹಗಲಿನಲ್ಲಿ ಹಿಂತಿರುಗಿದುದು ಕಟ್ಟಿದ್ದ ಹಸುಗಳಿಗೆ ಹುಲ್ಲು ಹಾಕುವುದಕ್ಕಾಗಿ. ರೈತನ ಹಟ್ಟಿಯನ್ನು ಬಲ್ಲ ನಮ್ಮವರಾರೂ ಇದನ್ನು ಅವಿವೇಕವೆನ್ನಲಾರರು.

ಪುರಾಣಗಳಲ್ಲಿ ಪ್ರಳಯವು ನಾಲ್ಕು ವಿಧವೆಂದು ಹೇಳಿದೆ. ಅವುಗಳಲ್ಲಿ ನಿತ್ಯಪ್ರಳಯವೆಂಬುದು ದಿನದಿನವೂ ನಡೆಯುತ್ತ ಯಾರ ಗಮನಕ್ಕೂ ಬಾರದಿರುವುದು. ಮೆರಾಪಿಯ ಇತಿಹಾಸವನ್ನು ಬರೆದವರು ೧೦೦೬ರ ಮಹಾಪ್ರಳಯವೊಂದನ್ನು ಹುಡುಕಹೋಗಿ, ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಬರುವ ಚಿಕ್ಕ ಪ್ರಳಯಗಳನ್ನು ಬಹುಕಾಲ ಕಡೆಗಣಿಸಿದರು. ಇಳಿಜಾರಿನಲ್ಲಿ ವಾಸಿಸುವವರಿಗೆ ಮುಖ್ಯವಾದುವು ಈ ಚಿಕ್ಕವುಗಳೇ. ೨೦೨೧ರ ಆರಂಭದಿಂದ ಶಿಖರದಲ್ಲಿ ಪುನಃ ಹೊಸ ಗುಮ್ಮಟಗಳು ಬೆಳೆದವು. ಕಾವಲುಠಾಣೆಗಳಲ್ಲಿ ಕುಳಿತು ಭೂಕಂಪನದ ರೇಖೆಗಳನ್ನು ಹಗಲಿರುಳೂ ನೋಡುತ್ತಿರುವವರ ಮಾತನ್ನು ಹಳ್ಳಿಗರು ಸಕಾಲದಲ್ಲಿ ಕೇಳುವಂತಾಗಲಿ. ಆ ಮಾತು ಹಳ್ಳಿಗರಿಗೆ ತಿಳಿಯುವ ಶಬ್ದಗಳಲ್ಲಿಯೇ ಇರಲಿ.