ಕಲ್ಲಡ್ಕದ ಸೆಕೆಯಲ್ಲಿ ಗಾಲಿಯ ಮೇಲಿನ ನಾಲ್ಕು ರಾತ್ರಿ

ಈ ಸಲದ ಬೇಸಗೆಯಲ್ಲಿ ನಾನು ಕಲ್ಲಡ್ಕದಲ್ಲಿ ನಾಲ್ಕು ರಾತ್ರಿ ಒಂದು ವ್ಯಾನಿನೊಳಗೆ ಮಲಗಿದೆ. ನೆಂಟರ ಮನೆಯಲ್ಲಿ ಮದುವೆ. ಚಾವಡಿಯಿಂದ ಹಿಡಿದು ಕೊಟ್ಟಿಗೆಯ ಅಟ್ಟದವರೆಗೆ ಜನ. ಬೆಂಗಳೂರಿನಿಂದ ಬಂದ ನಮ್ಮ ಭಾವ ಹಳೆಯ ಟೆಂಪೋ ಟ್ರಾವೆಲರ್ ಒಂದನ್ನು ಕೊಂಡು, ಸೀಟು ಕೀಳಿಸಿ, ಎರಡು ಮಂಚ, ಒಂದು ಪುಟ್ಟ ಗ್ಯಾಸ್ ಒಲೆ, ನೀರಿನ ಟ್ಯಾಂಕಿ ಕೂರಿಸಿಕೊಂಡಿದ್ದರು. "ನಮಗೆ ಯಾರ ಚಾಪೆಯೂ ಬೇಡ. ನಮ್ಮ ಮನೆ ನಮ್ಮೊಟ್ಟಿಗೇ ಉಂಟು" ಎಂದು ನನ್ನನ್ನೂ ಅದರೊಳಗೆ ಸೇರಿಸಿಕೊಂಡರು.

ಮೊದಲ ರಾತ್ರಿ ನಿದ್ದೆ ಬರಲಿಲ್ಲ. ಎಂಜಿನ್ ಓಡುತ್ತಿದ್ದರೆ ಮಾತ್ರ ಎ.ಸಿ. ಓಡುತ್ತದೆ. ಮದುವೆ ಮನೆಯ ಅಂಗಳದ ಬದಿಯಲ್ಲಿ ರಾತ್ರಿಯಿಡೀ ಎಂಜಿನ್ ಓಡಿಸಿದರೆ ಯಾರು ಸುಮ್ಮನಿರುತ್ತಾರೆ? ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಒಲೆಯೊಳಗೆ ಕೂತ ಹಾಗೆ. ಕರಾವಳಿಯ ಸೆಕೆ ಬಯಲುಸೀಮೆಯ ಬಿಸಿಲಿನಂಥದ್ದಲ್ಲ. ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಪಾದರಸ ಇನ್ನಷ್ಟು ಮೇಲೆ ಏರುತ್ತದೆ, ಆದರೆ ಬೆವರು ಆರುತ್ತದೆ. ಇಲ್ಲಿ ಗಾಳಿಯಲ್ಲೇ ಅಷ್ಟೊಂದು ನೀರಿರುವಾಗ ಬೆವರು ಆರುವುದೆಲ್ಲಿಗೆ? ಬೆನ್ನಿಗೆ ಅಂಟಿದ ಬನಿಯನ್ನು ಬೆಳಗಿನವರೆಗೂ ಹಾಗೇ ಇತ್ತು.

ಬೆಳಿಗ್ಗೆ ಚಹಾ ಕುಡಿಯಲು ಹೋದೆವು. ಕಲ್ಲಡ್ಕಕ್ಕೆ ಬಂದವರು ಕೆ.ಟಿ. ಕುಡಿಯದೆ ಹೋಗುವುದುಂಟೇ? ಗಾಜಿನ ಲೋಟದ ಅಡಿಯಲ್ಲಿ ಸಕ್ಕರೆ ಬೆರೆತ ಬಿಳಿ ಹಾಲು, ಮೇಲೆ ಕಪ್ಪು ಡಿಕಾಕ್ಷನ್. ಸಕ್ಕರೆ ಕರಗಿದ ಹಾಲು ಭಾರ, ಡಿಕಾಕ್ಷನ್ ಹಗುರ. ನಿಧಾನವಾಗಿ ಹೊಯ್ದರೆ ಒಂದರ ಮೇಲೊಂದು ನಿಲ್ಲುತ್ತವೆ. ಪಕ್ಕದ ಬೆಂಚಿನಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಕೆಂಪು ಕಣ್ಣು ನೋಡಿ ವಿಚಾರಿಸಿದರು. ಮೂವತ್ತು ವರ್ಷ ಲಾರಿ ಓಡಿಸಿದವರಂತೆ. ವ್ಯಾನ್ ಎಲ್ಲಿ ನಿಲ್ಲಿಸಿದ್ದೀರಿ ಎಂದು ಕೇಳಿ, ಹೇಳಿದ್ದಕ್ಕೆ ನಕ್ಕುಬಿಟ್ಟರು.

"ಪಾದೆಯ ಮೇಲೆ ನಿಲ್ಲಿಸಿದ್ರೆ ನಿದ್ದೆ ಬರ್ತದಾ ಮಾರಾಯ್ರೆ? ಹಗಲಿಡೀ ಕುಡಿದ ಬಿಸಿಯನ್ನು ಆ ಕಲ್ಲು ನಡುರಾತ್ರಿವರೆಗೆ ಬಿಡ್ತಾ ಇರ್ತದೆ. ಮಣ್ಣಿನ ಮೇಲೆ ನಿಲ್ಲಿಸಿ. ಮರದ ಮೂಡು ಬದಿಗೆ ನಿಲ್ಲಿಸಿ, ಮಧ್ಯಾಹ್ನದ ಮೇಲೆ ನೆರಳು ಆ ಕಡೆ ಬೀಳ್ತದೆ. ಮೇಲೆ ನಾಲ್ಕು ತೆಂಗಿನ ಮಡಲು ಹಾಸಿ, ಎರಡು ಗೋಣಿ ಒದ್ದೆ ಮಾಡಿ ಹಾಕಿ."

ಊರಿನ ಹೆಸರಿನಲ್ಲೇ ಇದ್ದ ಮಾತು ನಮಗೆ ಹೊಳೆದಿರಲಿಲ್ಲ. ತುಳುನಾಡಿನಲ್ಲಿ ಅಡ್ಕವೆಂದರೆ ಬೇಸಾಯಕ್ಕೆ ಒಗ್ಗದ, ಒಣಗಿದ ಸಮತಟ್ಟು ನೆಲ. ಕಲ್ಲಿನ ಅಡ್ಕವೇ ಕಲ್ಲಡ್ಕ. ಇಲ್ಲಿನ ಕಲ್ಲೆಂದರೆ ಮುರಕಲ್ಲು. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಒಡ್ಡಿದಂತೆ ಗಟ್ಟಿ. ಆ ಕಲ್ಲಿಗೆ ಲೋಕದ ಭೂವಿಜ್ಞಾನದಲ್ಲಿ ಇರುವ ಹೆಸರು ಲ್ಯಾಟರೈಟ್. ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದನ್ನು ಕಟ್ಟಿದವನು ಫ್ರಾನ್ಸಿಸ್ ಬುಕಾನನ್. ಅವನೂ ಈ ನಾಡಿನಲ್ಲಿ ತನ್ನ ಮನೆಯನ್ನು ಜೊತೆಗೇ ಹೊತ್ತು ತಿರುಗಿದವನು ಎಂಬುದು ಆಗ ನೆನಪಿಗೆ ಬಂತು. ಅಂದು ಮಧ್ಯಾಹ್ನ, ಹಲಸಿನ ಮರದ ಮೂಡು ಬದಿಯಲ್ಲಿ, ಮಡಲು ಹೊದ್ದ ವ್ಯಾನಿನೊಳಗೆ ಕೂತು ಫೋನಿನಲ್ಲಿಯೇ ಅವನ ಪುಸ್ತಕ ತೆರೆದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ಮಾರಾಟವಾಗುತ್ತದೆ, ಜನ ಹೇಗಿದ್ದಾರೆ ಎಂದು ತಿಳಿದುಕೊಂಡು ಬರಲು ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸ್ಕಾಟ್ಲೆಂಡಿನ ವೈದ್ಯನನ್ನು ಕಳಿಸಿದ. 1800ರ ಏಪ್ರಿಲ್‌ನಲ್ಲಿ, ಅಂದರೆ ಸರಿಯಾಗಿ ಸುಡುಬೇಸಗೆಯಲ್ಲಿ, ಅವನು ಮದರಾಸಿನಿಂದ ಹೊರಟ. ಮೈಸೂರು, ಮಲಬಾರು ಸುತ್ತಿ 1801ರ ಆರಂಭದಲ್ಲಿ ಕೆನರಾಕ್ಕೆ ಬಂದ. ಮಲಬಾರಿನ ಅಂಗಡಿಪುರದ ಹತ್ತಿರ ನೋಡಿದ ಕಲ್ಲಿಗೆ ಕೊಟ್ಟ ಹೆಸರೇ ಲ್ಯಾಟರೈಟ್. ಮಂಗಳೂರಿನಿಂದ ಹೊರಟವನು ಬಂಟ್ವಾಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳ ಹಿಡಿದು ಉಡುಪಿಯ ಕಡೆಗೆ ನಡೆದ. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ವೇಣೂರಿನ ಗೊಮ್ಮಟನನ್ನೂ ಮೂಡುಬಿದಿರೆಯ ಬಸದಿಗಳನ್ನೂ ಕಂಡ. ನೇತ್ರಾವತಿಯ ಬಡಗು ದಡದಲ್ಲೇ ಸಾಗಿದ ಅವನಿಗೆ ತೆಂಕು ದಡದ ಕಲ್ಲಡ್ಕದಲ್ಲಿ ಕೆಲಸವಿರಲಿಲ್ಲ. ಆದರೆ ಅವನು ಕಂಡ ನೆಲ, ಸೆಕೆ, ಕಲ್ಲು ಎಲ್ಲ ಇದೇ.

1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಬಂದ ಆ ಪುಸ್ತಕ ದಿನಚರಿಯ ಮಾದರಿಯಲ್ಲಿದೆ. ದಿನಾಂಕ, ನಡೆದ ದೂರ, ತಂಗಿದ ಊರು. ಆಮೇಲೆ ಅಲ್ಲಿನ ಗದ್ದೆ, ಗೇಣಿ, ಅಡಕೆ, ಜಾತಿ, ದೇವರು. ಇದನ್ನು ಹಿಂದೆಯೂ ಓದಿದ್ದೆ, ಆಡಳಿತದ ದಾಖಲೆಯೆಂದು ಓದಿದ್ದೆ. ವ್ಯಾನಿನೊಳಗೆ ಕೂತು ಓದುವಾಗ ಬೇರೆ ಒಂದು ಕಂಡಿತು. ಅದು ಬೀಡುಬಿಟ್ಟವನ ಪುಸ್ತಕ. ದಿನಕ್ಕೊಂದು ಸಣ್ಣ ದಾರಿ ನಡೆದು, ಉಳಿದ ಹೊತ್ತು ಕೂತಲ್ಲೇ ಕೂತು ಊರಿನವರನ್ನು ಕರೆಸಿ ಕೇಳಿದ್ದು ಅದರ ಬಹುಪಾಲು. ನಿಲ್ಲದೆ ಓಡಿದ್ದರೆ ಆ ಮೂರು ಸಂಪುಟಗಳಲ್ಲಿ ಊರುಗಳ ಹೆಸರುಗಳಷ್ಟೇ ಇರುತ್ತಿದ್ದವು. ಹಾಗೆಂದು ಅವನನ್ನು ಹೊಗಳಿ ಮುಗಿಸುವಂತಿಲ್ಲ. ಅವನು ಕೇಳಿದ್ದು ಕಂಪೆನಿಗೆ ಕಂದಾಯದ ಲೆಕ್ಕ ಬೇಕಿದ್ದರಿಂದ. ಅವನ ಡೇರೆ, ಪೆಟ್ಟಿಗೆ, ಪಾತ್ರೆಗಳನ್ನು ಹೊತ್ತವರ ಹೆಸರು ನಾನು ಓದಿದ ಪುಟಗಳಲ್ಲಿ ಇಲ್ಲ.

ಹೊತ್ತವರ ಚರಿತ್ರೆಯನ್ನು ಬೇರೆ ಕಡೆ ಹುಡುಕಬೇಕು. ಬಂಟ್ವಾಳ ಪೇಟೆ ಬೆಳೆದದ್ದೇ ಅವರಿಂದ. ಮಂಗಳೂರಿನಿಂದ ನೇತ್ರಾವತಿಯಲ್ಲಿ ದೋಣಿಗಳು ಅಲ್ಲಿಯವರೆಗೆ ಬರುತ್ತಿದ್ದವು. ಘಟ್ಟದ ಮೇಲಿನ ಸರಕು ಹೇರೆತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ ಇಳಿದು ಅಲ್ಲಿ ದೋಣಿ ಏರುತ್ತಿತ್ತು. ಮೈಸೂರು ಸೀಮೆಯ ಕಾಫಿ ಕಡಲಿಗೆ ಹೋದ ದಾರಿಗಳಲ್ಲಿ ಇದೊಂದು. 1907ರಲ್ಲಿ ಮಂಗಳೂರಿಗೆ ಮದರಾಸಿನ ಕಡೆಯಿಂದ ರೈಲು ಬಂದರೂ ಘಟ್ಟದ ಮೇಲಿನ ಹಾಸನಕ್ಕೂ ಮಂಗಳೂರಿಗೂ ಹಳಿ ಕೂಡಿದ್ದು 1979ರಲ್ಲಿ. ಅಲ್ಲಿಯವರೆಗೆ ಘಟ್ಟ ಹತ್ತಿ ಇಳಿದದ್ದೆಲ್ಲ ಮಾರ್ಗದ ಮೇಲೆಯೇ.

ಗಾಡಿಯವರಿಗೆ ಗಾಡಿಯೇ ಮನೆ. ಬಿದಿರಿನ ಕಮಾನು, ಮೇಲೆ ಚಾಪೆ, ಒಳಗೆ ಹುಲ್ಲಿನ ಮೆತ್ತೆ, ಅಡಿಯಲ್ಲಿ ತೂಗುವ ಲಾಟೀನು, ಹಿಂಬದಿಗೆ ಕಟ್ಟಿದ ಅಕ್ಕಿಯ ಗಂಟು ಮತ್ತು ಮಡಕೆ. ಬೇಸಗೆಯಲ್ಲಿ ಅವರು ಹಗಲು ನಡೆಯುತ್ತಿರಲಿಲ್ಲ. ನಡುಹಗಲಿನಲ್ಲಿ ಎತ್ತು ಏದುಸಿರು ಬಿಡುತ್ತದೆ. ಬಿಸಿಲಿಗೆ ಗಾಲಿಯ ಮರ ಒಣಗಿ ಕುಗ್ಗಿದರೆ ಸುತ್ತಿನ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ. ಅದಕ್ಕೇ ಹೊಳೆ ಸಿಕ್ಕಲ್ಲಿ ಗಾಲಿಯನ್ನು ನೀರಿಗೆ ಇಳಿಸುತ್ತಿದ್ದರು. ಹಗಲು ಕಟ್ಟೆಯ ನೆರಳಿನಲ್ಲಿ ಕೊರಳು ಬಿಟ್ಟು, ಅಡುಗೆ ಮಾಡಿ, ಮಲಗಿ, ಸಂಜೆ ತಂಪಾದ ಮೇಲೆ ಸಾಲಾಗಿ ಹೊರಡುವುದು. ಮುಂದಿನ ಗಾಡಿಯವನು ಎಚ್ಚರವಿದ್ದರೆ ಸಾಕು, ಹಿಂದಿನ ಎತ್ತುಗಳು ಅವನ ಲಾಟೀನು ನೋಡಿಕೊಂಡು ನಡೆಯುತ್ತವೆ. ದಾರಿಯಲ್ಲಿ ಅರವಟ್ಟಿಗೆಗಳು. ಈ ಮಾತು ನಮ್ಮ ಹಳೆಯ ಶಾಸನಗಳಲ್ಲಿಯೇ ಇದೆ. ಬಾಯಾರಿದವನಿಗೆ ನೀರು ಕೊಡುವ ಏರ್ಪಾಟಿಗೆ ದತ್ತಿ ಬಿಟ್ಟು ಕಲ್ಲಿನಲ್ಲಿ ಬರೆಸಿದ್ದಾರೆ. ಇವತ್ತಿಗೂ ನಮ್ಮ ಕಡೆ ಮನೆಗೆ ಬಂದವರ ಮುಂದೆ ಮೊದಲು ಇಡುವುದು ಬೆಲ್ಲ ಮತ್ತು ನೀರು.

ಇದೇ ವೇಳಾಪಟ್ಟಿ ಯಕ್ಷಗಾನ ಮೇಳದವರದೂ. ದೀಪಾವಳಿಯ ನಂತರ ಹೊರಟು, ಬೇಸಗೆಯಿಡೀ ತಿರುಗಿ, ಬೇಶ ತಿಂಗಳ ಹತ್ತನೇ ದಿನ, ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಅವರಿಗೆ ರಾತ್ರಿಯೇ ಹಗಲು. ಮೊದಲು ಪೆಟ್ಟಿಗೆಗಳನ್ನು ತಲೆಯ ಮೇಲೆ ಹೊತ್ತು ಊರಿಂದ ಊರಿಗೆ ನಡೆದರು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಟಿಕೆಟಿನ ಡೇರೆ ಮೇಳಗಳು ಬಂದಾಗ ಡೇರೆ, ಕುರ್ಚಿ, ರಂಗಸ್ಥಳ, ವೇಷದ ಪೆಟ್ಟಿಗೆ ಎಲ್ಲ ಲಾರಿ ಏರಿತು. ಬೆಳಿಗ್ಗೆ ಬಣ್ಣ ತೆಗೆದು, ಮುಂದಿನ ಊರಿನಲ್ಲಿ ಸಿಕ್ಕ ಜಗಲಿಯಲ್ಲಿ ಮಲಗಿ, ಸಂಜೆ ಮತ್ತೆ ಚೌಕಿಯಲ್ಲಿ ಕೂರುವುದು. ಸೆಕೆಯ ಹಗಲನ್ನು ನಿದ್ದೆಗೆ ಬಿಟ್ಟುಕೊಟ್ಟು ತಂಪಿನ ರಾತ್ರಿಯನ್ನು ಆಟಕ್ಕೆ ಇಟ್ಟುಕೊಂಡ ಈ ಏರ್ಪಾಟು ಬೇಸಗೆಗೆ ಎಷ್ಟು ಹೊಂದುತ್ತದೆಂಬುದು ನಾಲ್ಕು ದಿನ ಅದೇ ಕ್ರಮದಲ್ಲಿ ಬದುಕಿದ ಮೇಲೆ ನನಗೆ ಮನದಟ್ಟಾಯಿತು.

ಗಾಲಿಯ ಮನೆಯನ್ನು ಮೋಜಿಗೆಂದು ಕಟ್ಟಿದ್ದು ಆಮೇಲಿನ ಮಾತು. 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನ ವೈದ್ಯ, ಬ್ರಿಟಿಷ್ ನೌಕಾಪಡೆಯಲ್ಲಿ ಇದ್ದವನು, ಕುದುರೆ ಎಳೆಯುವ 'ವಾಂಡರರ್' ಎಂಬ ಮನೆಗಾಡಿಯನ್ನು ಮಾಡಿಸಿಕೊಂಡು ಬ್ರಿಟನ್ನಿನಲ್ಲಿ ತಿರುಗಿದ. ವಿರಾಮಕ್ಕೆಂದೇ ಕಟ್ಟಿದ ಮೊದಲ ಕಾರವಾನ್ ಅದು ಎನ್ನುತ್ತಾರೆ. ನಮ್ಮ ಭಾವ ಈ ಕತೆ ಕೇಳಿ ಬಹಳ ಖುಷಿಪಟ್ಟರು. "ಹಾಗಾದ್ರೆ ನಾನು ಅವನ ಕಡೆಯವನು" ಎಂದರು. ನಾನು ಯಾರ ಕಡೆಯವನು ಎಂದು ಅವರು ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ನನ್ನ ಅಪ್ಪ ಲಾರಿ ಡ್ರೈವರ್. ಮಂಗಳೂರಿನಿಂದ ಹಂಚು ತುಂಬಿಸಿ ಬೆಂಗಳೂರಿಗೆ, ಅಲ್ಲಿಂದ ಸಿಕ್ಕಿದ್ದನ್ನು ತುಂಬಿಸಿ ವಾಪಸು. ಬಾಸೆಲ್ ಮಿಶನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಶುರು ಮಾಡಿದ ಹಂಚಿನ ಉದ್ಯಮ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ, ಅದರಲ್ಲಿ ನಮ್ಮದೂ ಒಂದು. ಅಪ್ಪ ಮನೆಗಿಂತ ಹೆಚ್ಚು ರಾತ್ರಿ ಕ್ಯಾಬಿನ್ನಿನಲ್ಲಿ ಮಲಗಿದರು. ಮನೆಗೆ ಬಂದ ದಿನವೂ ಮಧ್ಯಾಹ್ನ ಊಟ ಮಾಡಿ, ಗೇಟಿನ ಹೊರಗೆ ಮರದಡಿ ನಿಲ್ಲಿಸಿದ ಲಾರಿಗೆ ಹತ್ತಿ, ಸೀಟಿನ ಹಿಂದಿನ ಹಲಗೆಯ ಮೇಲೆ ಮಲಗಿಬಿಡುತ್ತಿದ್ದರು. ಅಮ್ಮನಿಗೆ ಬೇಸರ, ನನಗೆ ನಾಚಿಕೆ. ಶಾಲೆಯ ಗೆಳೆಯರು ಬಂದರೆ "ನಿನ್ನಪ್ಪ ಯಾಕೆ ಒಳಗೆ ಮಲಗುವುದಿಲ್ಲ?" ಎಂದು ಕೇಳುತ್ತಿದ್ದರು. ಮನೆಯ ಮೇಲೆ ಪ್ರೀತಿಯಿಲ್ಲದವರೆಂದು ನಾನು ಬಹಳ ವರ್ಷ ನಂಬಿದ್ದೆ. ಅವರು ತೀರಿಕೊಂಡಾಗಲೂ ಆ ಮಾತು ಒಳಗೆ ಉಳಿದಿತ್ತು.

ಎರಡನೇ ದಿನ ಮಡಲು ಹಾಸಿ, ಗೋಣಿ ಒದ್ದೆ ಮಾಡಿ, ಹಿಂಬಾಗಿಲನ್ನು ಪಡುವಣಕ್ಕೆ ತೆರೆದಿಟ್ಟೆವು. ಮೂರು ಗಂಟೆಯ ಹೊತ್ತಿಗೆ ಕಡಲ ಕಡೆಯ ಗಾಳಿ ನರಹರಿ ಪರ್ವತದ ಬದಿಯಿಂದ ಬರತೊಡಗಿತು. ಒದ್ದೆ ಗೋಣಿಯನ್ನು ಹಾದು ಬಂದ ಗಾಳಿ ಮೈಗೆ ತಾಗಿದ್ದೇ ತಡ, ನಾನು ನಿದ್ದೆಹೋದೆ. ಎದ್ದಾಗ ಹೊತ್ತು ಮುಳುಗಿತ್ತು. ನಮ್ಮ ಹಳೆಯ ಮನೆಗೆ ಕಿಟಕಿ ಇದ್ದದ್ದು ಎರಡೇ. ಮಧ್ಯಾಹ್ನ ಕಾದ ಹಂಚಿನಡಿಯಲ್ಲಿ ನಾವು ಹಾಳೆಯ ಬೀಸಣಿಗೆ ಬೀಸುತ್ತ ಒದ್ದಾಡುತ್ತಿದ್ದಾಗ, ಮರದಡಿಯ ಆ ಕ್ಯಾಬಿನ್ನಿನಲ್ಲಿ ಎರಡೂ ಬಾಗಿಲು ತೆರೆದು ಮಲಗಿದ ಮನುಷ್ಯನಿಗೆ ರಾತ್ರಿ ಶಿರಾಡಿ ಘಾಟಿ ಹತ್ತಬೇಕಿತ್ತು. ನಿದ್ದೆಗೆಟ್ಟು ಹತ್ತುವ ಘಾಟಿಯಲ್ಲ ಅದು. ಎರಡೇ ಕಿಟಕಿಯ ಆ ಮನೆಯ ಬಾಗಿಲಿಗೆ ಮತ್ತೆ ಬರಬೇಕೆಂದೇ ಅವರು ಹೊರಗೆ ಮಲಗಿದ್ದು.

ಮರುದಿನ ಚಹಾದ ಹೊತ್ತಿಗೆ ಇದನ್ನು ಆ ಹಿರಿಯ ಡ್ರೈವರ್‌ಗೆ ಹೇಳಿದೆ. ಅವರು ಅಪ್ಪನ ಕಾಲದ ಮಾರ್ಗವನ್ನು ಊರು ಊರಾಗಿ ನೆನಪಿಸಿಕೊಂಡರು. ಬಿ.ಸಿ. ರೋಡಿನ ಗದ್ದಲ, ಪಾಣೆಮಂಗಳೂರಿನ ಸೇತುವೆ, ಕಲ್ಲಡ್ಕದ ಚಹಾ, ಮಾಣಿಯಲ್ಲಿ ಮಡಿಕೇರಿಯ ದಾರಿ ಬೇರೆಯಾಗುವುದು, ಉಪ್ಪಿನಂಗಡಿ, ಆಮೇಲೆ ಕತ್ತಲೆ ಮತ್ತು ಘಾಟಿ. "ಇಲ್ಲಿ ಚಹಾ ಕುಡಿಯದೆ ಘಾಟಿ ಹತ್ತಿದವರು ಯಾರೂ ಇಲ್ಲ" ಎಂದರು. ಆಮೇಲೆ ತಲೆಯೆತ್ತಿ ಮೇಲೆ ನೋಡಿದರು.

ಮೇಲೆ ಮೇಲ್ಸೇತುವೆ. ಎರಡು ಕಿಲೋಮೀಟರಿಗಿಂತ ತುಸು ಉದ್ದ. ವರ್ಷಗಟ್ಟಲೆ ಕೆಲಸ ನಡೆದು, ಮಳೆಗಾಲದಲ್ಲಿ ಕೆಸರು ಬೇಸಗೆಯಲ್ಲಿ ಧೂಳು ಎಂದು ಊರು ಹೈರಾಣಾಗಿ, ಕೊನೆಗೆ 2025ರಲ್ಲಿ ವಾಹನಗಳಿಗೆ ತೆರೆದುಕೊಂಡಿತು. ಮೊದಲು 48, ಈಗ 75 ಎಂದು ಕರೆಸಿಕೊಳ್ಳುವ ಹೆದ್ದಾರಿಯ ಲಾರಿ ಬಸ್ಸುಗಳು ಈಗ ಕಲ್ಲಡ್ಕವನ್ನು ನೋಡದೆಯೇ ದಾಟಿ ಹೋಗಬಹುದು. ಇದರಿಂದ ನಷ್ಟವೇ ಎಂದು ಹೇಳಲಾರೆ. ಈ ಪೇಟೆಯಲ್ಲಿ ಸಿಕ್ಕಿಬಿದ್ದ ಆಂಬುಲೆನ್ಸುಗಳನ್ನು ಕಂಡವರು ಸೇತುವೆಯನ್ನು ಬೈಯುವುದಿಲ್ಲ. ಮಂಗಳೂರಿಗೆ ರೈಲು, ಮೋಟಾರು ಬಂದಾಗ ಬಂಟ್ವಾಳದ ದೋಣಿಗಳೂ ಹೀಗೇ ಕಡಿಮೆಯಾದವು. ಆದರೆ ಎತ್ತಿಗೆ, ಎಂಜಿನ್ನಿಗೆ, ಮನುಷ್ಯನಿಗೆ ಸೆಕೆಯಲ್ಲಿ ನಿಲ್ಲಲೇಬೇಕಾಗಿ ಬಂದದ್ದರಿಂದ ಹುಟ್ಟಿದ ಪೇಟೆಗಳಿವು. ಎ.ಸಿ. ಹಾಕಿಕೊಂಡು ಮೇಲಿನಿಂದ ಹೋಗುವವರಿಗೆ ಕಲ್ಲಡ್ಕದಲ್ಲಿ ಇನ್ನೂ ಸೆಕೆಯಿದೆ ಎಂಬುದೂ ಗೊತ್ತಾಗದು.

ಮದುವೆ ಮುಗಿಯಿತು. ನಾಲ್ಕನೇ ದಿನ ಸಂಜೆ ಹೊರಡುವ ಮುಂಚೆ ಭಾವ ಮಡಲುಗಳನ್ನು ಇಳಿಸಿ ಮರದ ಬುಡಕ್ಕೆ ಒರಗಿಸಿದರು. ಹಗಲು ಹೊರಡೋಣ ಎಂದಿದ್ದವರನ್ನು ನಾನೇ ತಡೆದಿದ್ದೆ. ಸೇತುವೆ ಹತ್ತದೆ ಕೆಳಗಿನ ಹಳೆಯ ಮಾರ್ಗದಲ್ಲೇ ಹೋಗಿ ಚಹಾದಂಗಡಿಯ ಮುಂದೆ ನಿಲ್ಲಿಸಿದೆವು. ಹಿರಿಯರು ಇರಲಿಲ್ಲ. ಎರಡು ಕೆ.ಟಿ. ಕುಡಿದು, ಅವರ ಲೆಕ್ಕಕ್ಕೆ ಒಂದರ ದುಡ್ಡು ಕೊಟ್ಟು, ಕತ್ತಲಾದ ಮೇಲೆ ಮಾಣಿಯ ಕಡೆಗೆ ಹೊರಟೆವು.