ಜ್ಯೋತಿ: ಜಾಝ್ ಕಪಾಟಿನಲ್ಲಿ ಸಿಕ್ಕ ಬೆಂಗಳೂರು

ಹಳೆಯ ಎಲ್‌ಪಿ ಹುಡುಕುವವರಿಗೆ ‘ಜ್ಯೋತಿ’ ಸಿಗುವುದು ಜಾಝ್ ಕಪಾಟಿನಲ್ಲಿ, ಚಾರ್ಲಿ ಮೆರಿಯಾನೊ ಹೆಸರಿನಡಿ. ಜರ್ಮನಿಯ ಇಸಿಎಂ ಕಂಪನಿ ಇದನ್ನು ಹೊರತಂದದ್ದು 1983ರಲ್ಲಿ. ಹೊದಿಕೆಯ ಮೇಲೆ ಮೆರಿಯಾನೊ ಜೊತೆಗಿರುವ ಇನ್ನೊಂದು ಹೆಸರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್. 1964ರಲ್ಲಿ ಬೆಂಗಳೂರಿನಲ್ಲಿ ಶುರುವಾದ ತಾಳವಾದ್ಯ ಶಾಲೆ.

ಬಾಸ್ಟನ್ನಿನ ಮೆರಿಯಾನೊ ಬಾಪ್ ಪರಂಪರೆಯಲ್ಲಿ ಬೆಳೆದ ಸ್ಯಾಕ್ಸೊಫೋನ್ ವಾದಕ. 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ ಪ್ರಸಿದ್ಧ ಆಲ್ಬಂ ಒಂದರಲ್ಲಿ ಅವನ ಆಲ್ಟೊ ಅಳುವಂತೆ ಕೇಳುತ್ತದೆ. ಅದೇ ದಶಕದಲ್ಲಿ ಮಲೇಷ್ಯಾದಲ್ಲಿ ನಾಗಸ್ವರ ಕಿವಿಗೆ ಬಿದ್ದಮೇಲೆ ಅದನ್ನು ಕಲಿಯಲೆಂದು ದಕ್ಷಿಣ ಭಾರತಕ್ಕೇ ಬಂದ.

‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಬಾಸ್ ಇಲ್ಲ, ಡ್ರಮ್ ಸೆಟ್ಟೂ ಇಲ್ಲ. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಾಜಗೋಪಾಲ್ ಅವರ ಘಟ ಮತ್ತು ಮೋರ್ಚಿಂಗು, ಟಿ.ಎನ್. ಶಶಿಕುಮಾರ್ ಅವರ ಖಂಜಿರ ಲಯದ ಹೊಣೆ ಹೊರುತ್ತವೆ. ಮೊದಲು ಕೇಳುವುದು ಸ್ಯಾಕ್ಸೊಫೋನಲ್ಲ, ಆರ್.ಎ. ರಮಾಮಣಿಯವರ ಒಂಟಿ ದನಿ. ಆಮೇಲೂ ಮೆರಿಯಾನೊ ಮುಂದೆ ನುಗ್ಗುವುದಿಲ್ಲ. ಕಛೇರಿಯಲ್ಲಿ ಪಿಟೀಲು ಗಾಯಕರ ನೆರಳು ಹಿಡಿದು ಬರುತ್ತದಲ್ಲ, ಹಾಗೆ ಬರುತ್ತಾನೆ. ‘ವರ್ಷಿಣಿ’ಯಂಥ ಹೆಸರುಗಳು ಸಾಕು, ಇದರ ಮನೆ ಯಾವುದೆಂದು ಹೇಳಲು. ರಚನೆಗಳಲ್ಲೂ ಕಾಣುವುದು ರಮಾಮಣಿಯವರ ಕೈಯೇ.

ಹಾಗಾದರೆ ಇದು ಯಾರ ಆಲ್ಬಂ? ಜಾಝ್ ಬರೆಯುವವರಿಗೆ ಮೆರಿಯಾನೊನ ‘ಭಾರತೀಯ ಹಂತ’. ನಮ್ಮ ಸಂಗೀತ ಬರೆಯುವವರಿಗೆ ‘ಫ್ಯೂಷನ್’. ಆ ಪದ ಬಂದರೆ ವಿಮರ್ಶೆ ಮುಗಿದಂತೆ. ರಾಗ, ತಾಳ, ಹಾಡಿಕೆ ಎಲ್ಲ ಬೆಂಗಳೂರಿನದಾಗಿದ್ದೂ ಕನ್ನಡ ನಾಡಿನ ಸಂಗೀತದ ಲೆಕ್ಕದಲ್ಲಿ ಅದು ಸೇರದೆ ಹೋದದ್ದು ಅನ್ಯಾಯವೇ.

ಇಸಿಎಂ ತನ್ನ ಭಂಡಾರವನ್ನು 2017ರ ನವೆಂಬರಿನಲ್ಲಿ ಸ್ಟ್ರೀಮಿಂಗಿಗೆ ಬಿಟ್ಟಿತು. ಮೆರಿಯಾನೊ 2009ರಲ್ಲೇ ತೀರಿಕೊಂಡಿದ್ದ. ಮಣಿಯವರು ಹೋದದ್ದು 2020ರಲ್ಲಿ.