ರೇಡಿಯೊ ಆವರ್ತಾಂಕ ಅಬ್ಲೇಷನ್

ತೆಳುವಾದ ಸೂಜಿಯ ತುದಿಯಿಂದ ಸೆಕೆಂಡಿಗೆ ಸುಮಾರು 5 ಲಕ್ಷ ಆವರ್ತಗಳ ವಿದ್ಯುತ್ತನ್ನು ಹರಿಸಿ, ಅಂಗಾಂಶದ ಅಯಾನುಗಳಲ್ಲಿ ಅದರಿಂದುಂಟಾಗುವ ಕ್ಷೋಭೆಯ ಶಾಖದಿಂದಲೇ ನೋವನ್ನೊಯ್ಯುವ ನರವನ್ನಾಗಲಿ ಗೆಡ್ಡೆಯನ್ನಾಗಲಿ ನಾಶಪಡಿಸುವ ಚಿಕಿತ್ಸಾಕ್ರಮ. ಸೂಜಿಯು ತಾನಾಗಿ ಕಾಯುವುದಲ್ಲ, ಸುತ್ತಲಿನ ಮಾಂಸವೇ ಕಾದು ಸೂಜಿಯನ್ನು ಕಾಯಿಸುವುದೆಂಬುದು ಇದರ ವೈಶಿಷ್ಟ್ಯ. ಉಷ್ಣತೆ 60° ಸೆ. ದಾಟಿದೊಡನೆ ಪ್ರೋಟೀನುಗಳು ಹೆಪ್ಪುಗಟ್ಟಿ ಜೀವಕೋಶಗಳು ಮಡಿಯುತ್ತವೆ; 100° ಮೀರಿದರೆ ಅಂಗಾಂಶವು ಕರಿಕಾಗಿ ವಿದ್ಯುತ್ತಿಗೆ ತಡೆಯೊಡ್ಡುವುದರಿಂದ, ಉರಿ ಹೆಚ್ಚಿದಷ್ಟೂ ಫಲ ಹೆಚ್ಚೆಂಬ ನ್ಯಾಯ ಇಲ್ಲಿ ಸಲ್ಲದು. ಗ್ರಂಥಿ, ಅರ್ಬುದ, ಸಂಧಿಶೂಲೆಗಳಿಗೆ ಸುಶ್ರುತನು ವಿಧಿಸಿದ ಅಗ್ನಿಕರ್ಮವು ನೆನಪಿಗೆ ಬರುವುದು ಸಹಜವಾದರೂ, ಅದು ಹೊರಗಿನಿಂದ ಸುಡುವ ಕ್ರಮವಾದುದರಿಂದ ಸಾಮ್ಯವನ್ನು ಬೆಳೆಸಲಾಗದು.

ಬೆನ್ನುನೋವುಗಳೆಲ್ಲಕ್ಕೂ ಇದು ಮದ್ದಲ್ಲ. ಕಶೇರುಗಳ ಹಿಂಬದಿಯ ಕಿರುಕೀಲುಗಳಿಂದ ನೋವು ಹುಟ್ಟುತ್ತಿದೆಯೆಂದು, ಅರಿವಳಿಕೆಯ ಮದ್ದನ್ನು ಸಂಬಂಧಪಟ್ಟ ನರದ ಬಳಿ ಚುಚ್ಚಿ ಪರೀಕ್ಷಿಸಿ ಖಚಿತಪಡಿಸಿಕೊಂಡ ತರುವಾಯವೇ, ಎಕ್ಸ್-ರೇ ದರ್ಶನದ ನೆರವಿನಿಂದ ಸೂಜಿಯನ್ನಿರಿಸಿ ಸುಮಾರು 80° ಶಾಖವನ್ನು 60ರಿಂದ 90 ಸೆಕೆಂಡುಗಳವರೆಗೆ ಕೊಡುವುದು ವಾಡಿಕೆ. ನರವು ಮತ್ತೆ ಚಿಗುರುವುದರಿಂದ ಉಪಶಮನವು ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದವರೆಗಿದ್ದು, ಬಳಿಕ ಚಿಕಿತ್ಸೆಯನ್ನು ಪುನರಾವರ್ತಿಸಬಹುದು. ಆದರೂ 2017ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಗಳಲ್ಲಿ, ವ್ಯಾಯಾಮದೊಡನೆ ಇದನ್ನು ಸೇರಿಸಿದ್ದರಿಂದ ಗಣನೀಯವಾದ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ. ರೋಗಿಗಳ ಆಯ್ಕೆಯು ಸಡಿಲವಾಗಿತ್ತೆಂಬ ಆಕ್ಷೇಪವೂ ಎದ್ದಿತು.

ಗೆಡ್ಡೆಗಳಲ್ಲಿ, 3 ಸೆಂ.ಮೀ.ಗಿಂತ ಕಿರಿದಾದ ಯಕೃತ್ತಿನ ಕ್ಯಾನ್ಸರಿಗೂ ಆಸ್ಟಿಯಾಯ್ಡ್ ಆಸ್ಟಿಯೋಮವೆಂಬ ನಿರಪಾಯಕರ ಅಸ್ಥಿಗೆಡ್ಡೆಗೂ ಇದು ವಿಶೇಷವಾಗಿ ಒಗ್ಗುತ್ತದೆ. ಸಮೀಪದ ದೊಡ್ಡ ರಕ್ತನಾಳವು ಶಾಖವನ್ನು ಸೆಳೆದೊಯ್ದರೆ ಅಂಚಿನ ಕೋಶಗಳು ಉಳಿದುಬಿಡುತ್ತವೆ. ಬೆನ್ನೆಲುಬಿಗೆ ಹರಡಿದ ಕ್ಯಾನ್ಸರಿನಲ್ಲಿ ಉದ್ದೇಶವು ಮುಖ್ಯವಾಗಿ ವೇದನಾಶಮನ. ಸುಟ್ಟ ಕಶೇರುವಿಗೆ ಅಸ್ಥಿಸಿಮೆಂಟನ್ನು ತುಂಬಿ ಆಧಾರವೀಯುವುದೂ ಉಂಟು.